ಮಲಕವ್ವನ ಕೊರಳಿನ ಕರಿಮಣಿ

ತಂಗೆವ್ವನಿಗೆ ಹೊಟ್ಟೆಕಿಚ್ಚು ಬಹಳ ಎಂದರೆ ನಾನು ಚಾಡಿ ಹೇಳಿದಂತೇನೂ ಆಗುವುದಿಲ್ಲ. ಅವಳೇ ಅದನ್ನು ಮುಚ್ಚಿಡುತ್ತಿರಲಿಲ್ಲ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅಷ್ಟಿಷ್ಟು ಇತ್ತು, ನನಗೂ ಇತ್ತು. ನಾವು ಅದನ್ನು ಸೆರಗಿನೊಳಗೆ ಇಟ್ಟುಕೊಂಡು ತಿರುಗುತ್ತಿದ್ದೆವು, ಅವಳು ಹಣೆಗೆ ಹಚ್ಚಿಕೊಂಡು ತಿರುಗುತ್ತಿದ್ದಳು, ಅಷ್ಟೇ ಫರಕು.

ಅವಳೂ ನಾನೂ ಒಂದೇ ಪಾವರ್‌ಲೂಮ್ ಕಾರಖಾನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತುತ್ತಿದ್ದೆವು. ಮಗ್ಗಗಳ ಸದ್ದಿನಲ್ಲಿ ಕೂಗದೆ ಮಾತಾಡುವಂತಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರೆಲ್ಲ ಗಟ್ಟಿಗಂಟಲಿನವರು. ತಂಗೆವ್ವ ಅವರನ್ನೂ ಮೀರಿಸುತ್ತಿದ್ದಳು. ಅವಳ ತವರು ಗಡಹಿಂಗ್ಲಜ ಹತ್ತಿರದ ಮಹಾಗಾಂವ, ಕುರಿ ಕಾಯುವ ಮನೆತನ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡ, ಮಕ್ಕಳಾಗಲಿಲ್ಲ. ತಮ್ಮ ಭರಮಪ್ಪನನ್ನು ಇಚಲಕರಂಜಿಗೆ ಕರೆತಂದು, ಮಗ್ಗ ರಿಪೇರಿಯ ಕೆಲಸಕ್ಕೆ ಹಚ್ಚಿ, ಸಾವಕ್ಕನನ್ನು ತಂದು ಮದುವೆ ಮಾಡಿದವಳು ಅವಳೇ. ಎಪ್ಪತ್ತೆರಡರಲ್ಲಿ ಭರಮಪ್ಪ ಮುಂಬಯಿಯ ಏಜೆಂಟನೊಬ್ಬನನ್ನು ಹಿಡಿದು ಮಸ್ಕತ್ತಿಗೆ ಹೋದ. ಎರಡು ವರ್ಷದ ಮೇಲೆ ಹೆಂಡತಿಯನ್ನೂ ಚಿಕ್ಕ ಮಗನನ್ನೂ ಕರೆಸಿಕೊಂಡ. ಮಗಳು ಮಲಕವ್ವ ಆಗ ಎಂಟು ವರ್ಷದವಳು, ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಕಂಪನಿ ಕೊಟ್ಟದ್ದು ಒಂದೇ ಕೋಣೆ. ಬರುವ ವರ್ಷ ಒಯ್ಯುತ್ತೇವೆ ಎಂದು ಹುಡುಗಿಯನ್ನು ಸೋದರತ್ತೆ ತಂಗೆವ್ವನ ಹತ್ತಿರ ಬಿಟ್ಟರು. ಆ ಬರುವ ವರ್ಷ ಬರಲು ಹತ್ತು ವರ್ಷ ಹಿಡಿಯಿತು.

ನಡುವೆ ಸಾವಕ್ಕ ಒಂದೆರಡು ಸಲ ರಜೆಗೆ ಬಂದಳು. ನೈಲಾನ್ ಸೀರೆ, ಅತ್ತರು, ಟೇಪ್ ರೆಕಾರ್ಡರ್. ನಾವೆಲ್ಲ ನೋಡಲು ಹೋಗಿ, ಹೊಗಳಿ, ಮನೆಗೆ ಬಂದು ಗಂಡಂದಿರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆವು. ತಂಗೆವ್ವನಿಗೆ ಸೀರೆ ಬೇಕಿರಲಿಲ್ಲ. ಹುಡುಗಿ ಆ ದಿನಗಳಲ್ಲಿ ತಾಯಿಯ ಸೆರಗು ಬಿಡದೆ ತಿರುಗುತ್ತಿದ್ದಳಲ್ಲ, ಅದನ್ನು ನೋಡಲಾಗುತ್ತಿರಲಿಲ್ಲ. ಪಾತ್ರೆಗಳನ್ನು ಕುಕ್ಕುತ್ತಿದ್ದಳು.

“ಹುಲ್ಲ ಹಾಕಾಕಿ ನಾನು, ಹಾಲ ಹಿಂಡಾಕಿ ಆಕಿ,” ಎಂದು ನನ್ನೆದುರು ಒಂದು ದಿನ ಅಂದಳು.

ಎಂಬತ್ತನಾಲ್ಕರಲ್ಲಿ ಭರಮಪ್ಪನಿಂದ ಸುದ್ದಿ ಬಂತು. ಕಂಪನಿ ದೊಡ್ಡ ಮನೆ ಕೊಟ್ಟಿದೆ, ಮಲಕವ್ವನಿಗೂ ವಾಸದ ಪರವಾನಗಿ ಮಾಡಿಸುತ್ತೇನೆ ಎಂದು. ಅಲ್ಲಿಯ ಕಾಯಿದೆ ಹೀಗಂತೆ: ದುಡಿಯಲು ಬಂದವನ ಮಗ ಹದಿನೆಂಟು ದಾಟಿದರೆ ಅಪ್ಪನ ಹೆಸರಿನ ಮೇಲೆ ಇರುವಂತಿಲ್ಲ. ಮಗಳು ಮಾತ್ರ ಎಷ್ಟೇ ದೊಡ್ಡವಳಾದರೂ ಮದುವೆಯಾಗುವ ತನಕ ಇರಬಹುದು. ಮಲಕವ್ವನಿಗೆ ಮದುವೆಯಾಗಿಲ್ಲ ಎಂಬ ದಾಖಲೆ, ಪಾಸ್‌ಪೋರ್ಟು, ಒಳ್ಳೆಯದೊಂದು ಫೋಟೋ ಕಳಿಸಬೇಕು.

ಹುಡುಗಿ ಕುಣಿದಾಡಿದಳು. ತಂಗೆವ್ವನ ಎದೆ ಒಡೆಯಿತು. ಬೇಡ ಎನ್ನುವಂತಿರಲಿಲ್ಲ, ಮಗಳು ಅವರದು. ಆದರೆ ಅವಳಿಗೆ ಸರಕಾರದ ಮೇಲೆ ದೊಡ್ಡ ಭರವಸೆ ಇತ್ತು. ಒಂದು ರೇಶನ್ ಕಾರ್ಡಿಗೆ ಚಪ್ಪಲಿ ಸವೆಯುವಷ್ಟು ತಿರುಗಿಸಿದ ಕಚೇರಿಗಳು ಇದನ್ನು ಸುಲಭವಾಗಿ ಬಿಟ್ಟಾವೆಯೇ? ಅದಕ್ಕೇ ಎಲ್ಲ ಕೆಲಸ ತಾನೇ ಮೈಮೇಲೆ ಹಾಕಿಕೊಂಡಳು. ಮಹಾಗಾಂವಕ್ಕೆ ಹೋದರೆ ಊರಿನ ದಾಖಲೆ ನೋಡುವ ತಲಾಠಿ ಜಾಗದಲ್ಲೇ ಕೂತಿದ್ದ. ಚಹಾ ತರಿಸಿ, ಭರಮಪ್ಪನ ಕ್ಷೇಮ ವಿಚಾರಿಸಿ, ಕೇಳಿದ್ದನ್ನು ಬರೆದುಕೊಟ್ಟ. ಗಡಹಿಂಗ್ಲಜದ ಕಚೇರಿಯಲ್ಲಿ ಸಾಹೇಬ ಅಂದೇ ಸಹಿ ಮಾಡಿದ. ಪಾಸ್‌ಪೋರ್ಟಿನ ಕೆಲಸವೂ ತಡವಿಲ್ಲದೆ ಮುಗಿಯಿತು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಯಾರೂ ‘ಉದ್ಯಾ ಯಾ, ನಾಳೆ ಬನ್ನಿ’ ಎನ್ನಲಿಲ್ಲ. ಕೆಲಸವಾಯಿತೆಂದು ಅಷ್ಟು ಸಿಟ್ಟಾಗಿ ಮನೆಗೆ ಬಂದವರನ್ನು ನಾನು ಮತ್ತೆ ನೋಡಿಲ್ಲ.

ಉಳಿದದ್ದು ಫೋಟೋ. ಅದಕ್ಕೆ ಕೊಲ್ಲಾಪುರಕ್ಕೆ ಹೋಗಬೇಕು. ಫೋಟೋದಲ್ಲಿ ಹಾಕಿಕೊಳ್ಳಲಿ ಎಂದು ಸಾವಕ್ಕ ಬಂಗಾರದ ಸರ ಕಳಿಸಿದ್ದಳು. ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ತಂಗೆವ್ವ ಅದನ್ನು ಬಿಚ್ಚಿಸಿ ಟ್ರಂಕಿಗೆ ಹಾಕಿ ಕೀಲಿ ಜಡಿದಳು. ಹತ್ತು ವರ್ಷ ತಾನು ಸಾಕಿದ ಕೊರಳಿನಲ್ಲಿ ಆ ಸಾವಕ್ಕನ ಬಂಗಾರ ಮೆರೆಯಬೇಕೇ? ದೃಷ್ಟಿ ತಾಗಬಾರದೆಂದು ದಾರದಲ್ಲಿ ಕರಿಮಣಿ ಪೋಣಿಸಿದಳು. ಬರೀ ಮಣಿ ಬಡವರದಾಗಿ ಕಂಡೀತೆಂದು ನಡುವೆ ಎರಡು ಬಂಗಾರದ ಗುಂಡು ಸೇರಿಸಿದಳು. ಆ ಗುಂಡುಗಳು ಅವಳ ಹರಿದ ತಾಳಿಯವು. ಮುಂಡೆಯ ತಾಳಿಯದನ್ನು ಕನ್ಯೆಗೆ ಹಾಕಬಹುದೇ ಎಂದು ನಾನು ಕೇಳಿದೆ. ಬಂಗಾರಕ್ಕೆ ಮೈಲಿಗೆ ಇಲ್ಲ ಎಂದು ನನ್ನ ಬಾಯಿ ಮುಚ್ಚಿಸಿದಳು. ನಮ್ಮಲ್ಲಿ ಹುಡುಗಿಯರ ಕೊರಳಲ್ಲಿ ದೃಷ್ಟಿಮಣಿ ಇರುವುದೇ. ಅದಕ್ಕಿಂತ ಹೆಚ್ಚು ನಾವ್ಯಾರೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಮಸ್ಕತ್ತಿನಿಂದ ಉತ್ತರ ಬಂತು: ಪರವಾನಗಿ ಇಲ್ಲ. ಮದುವೆಯಾದ ಮಗಳನ್ನು ಕನ್ಯೆ ಎಂದು ತೋರಿಸಿದ್ದೀರಿ, ಫೋಟೋದಲ್ಲಿ ತಾಳಿ ಕಾಣುತ್ತದೆ. ಅಲ್ಲಿ ಫೋಟೋ ನೋಡಿದವನು ನಮ್ಮ ಕಡೆಯವನೇ ಅಂತೆ. ಅರಬನಾಗಿದ್ದರೆ ಯಾವುದೋ ಮಣಿಸರ ಎಂದು ಸುಮ್ಮನಾಗುತ್ತಿದ್ದ. ನಮ್ಮವನಾದ್ದರಿಂದ ಎರಡು ಗುಂಡು ನೋಡಿದ ಕೂಡಲೇ ತಾಳಿ ಎಂದ. ಮಲಕವ್ವ ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ತಂಗೆವ್ವ ಬೇಕೆಂದು ಮಾಡಿರಲಿಲ್ಲ, ಆದರೆ ಅವಳ ಮುಖದ ಮೇಲಿನ ಖುಷಿ ಇಡೀ ಓಣಿಗೆ ಕಾಣುತ್ತಿತ್ತು.

ಆ ಖುಷಿ ಸಾವಕ್ಕ ಬರುವವರೆಗೆ ಇತ್ತು. ಅವಳು ಈ ಸಲ ಸೀರೆ ತರಲಿಲ್ಲ, ಅತ್ತರು ತರಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು.

“ಅಕ್ಕಾರ, ನನ್ನ ಮಗಳ ಕೊಳ್ಳಾಗ ತಾಳಿ ಯಾಕ ಕಟ್ಟಿದ್ರಿ?”

“ತಾಳಿ ಅಲ್ಲ ಅದು, ದೃಷ್ಟಿಮಣಿ.”

“ಯಾರ ದೃಷ್ಟಿಗೆ?”

ನಾವು ಅಲ್ಲೇ ಬಾಗಿಲುಗಳಲ್ಲಿ ನಿಂತಿದ್ದೆವು. ಎಲ್ಲಿ ನಮ್ಮ ಹೆಸರು ಬರುತ್ತದೋ ಎಂದು ಒಬ್ಬೊಬ್ಬರೂ ಒಂದು ಹೆಜ್ಜೆ ಒಳಕ್ಕೆ ಸರಿದೆವು.

“ನಿಂದ,” ಎಂದಳು ತಂಗೆವ್ವ. “ನನ್ನ ಕಡೆ ಇದ್ದದ್ದು ಇದೊಂದ. ಅದರ ಮ್ಯಾಲೂ ನಿನ್ನ ಕಣ್ಣ ಬಿತ್ತು.”

ಸಾವಕ್ಕ ಜಗಳಕ್ಕೆ ಬಂದವಳು, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳು ಆಡಿದ ಮಾತು ನಾವ್ಯಾರೂ ಎಣಿಸಿದ್ದಲ್ಲ.

“ನನ್ನ ಮಗಳು ಏನ ಉಣ್ಣತಾಳು, ಏನ ಒಲ್ಲ ಅಂತಾಳು, ನನಗ ಗೊತ್ತಿಲ್ರಿ ಅಕ್ಕಾರ. ರಜಾಕ್ಕ ಬಂದಾಗೆಲ್ಲಾ ನಿಮ್ಮನ್ನ ಕೇಳಿ ಆಕಿಗೆ ಅಡಗಿ ಮಾಡೀನಿ. ನಿಮ್ಮ ಮ್ಯಾಲ ನನಗ ಎಷ್ಟ ಹೊಟ್ಟಿಕಿಚ್ಚ ಆಗಿರಬಾರದು?”

ತಂಗೆವ್ವ ಒಳಗೆ ಹೋಗಿ ಮಲಕವ್ವನನ್ನು ಎಬ್ಬಿಸಿಕೊಂಡು ಬಂದಳು. ಕಾಂಡಿ ಸುತ್ತುವ ಹೆಂಗಸರಿಗೆ ಕತ್ತರಿ ಬೇಕಾಗುವುದಿಲ್ಲ. ಹುಡುಗಿಯ ಜಡೆ ಸರಿಸಿ, ಕೊರಳ ಹಿಂದೆ ಬಾಯಿ ಹಚ್ಚಿ ಕರಿಮಣಿಯ ದಾರವನ್ನು ಹಲ್ಲಿನಿಂದಲೇ ಕಡಿದಳು. ಟ್ರಂಕಿನಿಂದ ಸರ ತಂದು ಸಾವಕ್ಕನ ಕೈಗಿಟ್ಟಳು. ಸಾವಕ್ಕ ಅದನ್ನು ಹಾಕಲಿಲ್ಲ, ಈ ಸಲ ಕೊರಳು ಬರಿದಾಗಿಯೇ ಇರಲಿ ಎಂದಳು. ಮರುದಿನ ಮೂವರೂ ಕೊಲ್ಲಾಪುರದ ಬಸ್ಸು ಹತ್ತಿದರು.

ಎಂಬತ್ತೈದರಲ್ಲಿ ಪರವಾನಗಿ ಬಂತು, ಮಲಕವ್ವ ಹೋದಳು. ಅದರಿಂದ ತಂಗೆವ್ವ ದೊಡ್ಡ ಮನಸ್ಸಿನವಳೇನೂ ಆಗಿಬಿಡಲಿಲ್ಲ. ಓಣಿಯಲ್ಲಿ ಯಾವ ಹುಡುಗಿ ತನ್ನ ಅತ್ತೆಯನ್ನು ಕೂಗಿದರೂ ಉರಿದು ಬೀಳುತ್ತಿದ್ದಳು. ಕಾರಖಾನೆಯಲ್ಲಿ ಅವಳ ಗಂಟಲು ಕೇಳುವುದು ನಿಂತುಹೋಯಿತು. ಸಾವಕ್ಕನ ಕೈ ಅಡುಗೆ ಉಂಡು ಹುಡುಗಿ ತನ್ನನ್ನು ಮರೆತಿರುತ್ತಾಳೆ ಎಂದು ನನ್ನೆದುರು ಅಳುತ್ತಿದ್ದಳು.

ಎರಡು ವರ್ಷದ ಮೇಲೆ ತಾಯಿ ಮಗಳು ರಜೆಗೆ ಬಂದರು. ಮಲಕವ್ವ ಬಾಗಿ ಕಾಲು ಮುಟ್ಟಿದಾಗ ಕೊರಳಿನಿಂದ ಒಂದು ಕರಿಮಣಿ ದಾರ ಜೋತುಬಿತ್ತು. ತಂಗೆವ್ವ ಅದನ್ನು ಬೆರಳಲ್ಲಿ ಹಿಡಿದಳು. ಯಾರು ಕಟ್ಟಿದರು ಎಂದು ಕೇಳಿದಳು. ಅವ್ವ ಕಟ್ಟಿದಳು ಎಂದಳು ಹುಡುಗಿ.

“ಯಾರ ದೃಷ್ಟಿಗೆ?”

ಮಲಕವ್ವ ಒಳಗಿದ್ದ ತಾಯಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ನಿಂದ, ಅತ್ತಿ. ನನಗ ನೆಗಡಿ ಬಂದ್ರೂ ಇಚಲಕರಂಜ್ಯಾಗಿಂದ ಅಕ್ಕಾರ ಕಣ್ಣ ಮುಟ್ಟೇತಿ ಅಂತಾಳು.”

ಮಸ್ಕತ್ತಿನ ತನಕ ತನ್ನ ಕಣ್ಣು ಮುಟ್ಟುತ್ತದೆ ಎಂಬುದನ್ನು ಕೇಳಿ ತಂಗೆವ್ವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಹುಡುಗಿಯನ್ನು ತಿರುಗಿಸಿ ನಿಲ್ಲಿಸಿ ಜಡೆ ಸರಿಸಿದಳು. ಮತ್ತೆ ಕಡಿಯುತ್ತಾಳೇನೋ ಎಂದು ನಾನು ಹೆದರಿದೆ.

“ಸಾವಕ್ಕಗ ಗಂಟ ಹಾಕೂದೂ ಬರೂದಿಲ್ಲ,” ಎಂದು ಬೈದುಕೊಳ್ಳುತ್ತ ದಾರವನ್ನು ಬಿಚ್ಚಿ, ಇನ್ನೆಂದೂ ಸಡಿಲಾಗದಂತೆ ಬಿಗಿಯಾಗಿ ಕಟ್ಟಿದಳು.