ಸಾಲಿನ ಮೊದಲಿನ ಖಾಲಿ ಜಾಗ

ನಿಮ್ಮಜ್ಜ ತೀರಿಕೊಂಡ ಮರುವರ್ಷ ನಿಮ್ಮವ್ವನ ಕಣ್ಣು ಪೂರ್ತಿ ಹೋದವು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿವೆ ಎಂದರು ಡಾಕ್ಟರು. ಸಂಶಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಕೆಲಸ ಬಿಟ್ಟು, ನಿಮ್ಮಿಬ್ಬರನ್ನು ಕರೆದುಕೊಂಡು ಕುಬಿಹಾಳಕ್ಕೆ ತವರಿಗೆ, ನನ್ನ ಮನೆಗೆ ಬಂದಳು. ನೀವಿನ್ನೂ ಅಂಗನವಾಡಿಗೆ ಹೋಗುವವರು, ನೆನಪಿರಲಿಕ್ಕಿಲ್ಲ.

ತನ್ನ ಲ್ಯಾಪ್‌ಟಾಪ್ ಕಂಪ್ಯೂಟರನ್ನು ಮಾತ್ರ ಅವಳು ಬಿಡಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಧ್ವನಿ ಅದರಲ್ಲಿತ್ತು. ಆದರೆ ಯಂತ್ರ ಶುರುವಾಗುವಾಗ ಏನಾದರೂ ಕೆಟ್ಟರೆ ಆ ಧ್ವನಿ ಏಳುತ್ತಲೇ ಇರಲಿಲ್ಲ. ಆಗ ನನ್ನನ್ನು ಕರೆಯುತ್ತಿದ್ದಳು. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನಾನು ಇಂಗ್ಲಿಷಿನ ಒಂದೊಂದೇ ಅಕ್ಷರ ಗುರುತಿಸಿ ಹೇಳುತ್ತಿದ್ದೆ. "ನೀ ಹೋದ ಮ್ಯಾಲೆ ನನಗ ಯಾರ ಓದಿ ಹೇಳ್ತಾರ ಬೇ?" ಎಂದು ಒಮ್ಮೆ ನಕ್ಕಳು. ನನಗೆ ನಗು ಬರಲಿಲ್ಲ.

ಆ ಯಂತ್ರವನ್ನು ನಡೆಸುವ ವ್ಯವಸ್ಥೆ ಯಾರೊಬ್ಬರ ಸ್ವತ್ತೂ ಅಲ್ಲವಂತೆ. ಎಲ್ಲೆಲ್ಲಿಯೋ ಕುಳಿತವರು ಸೇರಿ ಬರೆಯುತ್ತಾರೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅದನ್ನು ಕಟ್ಟುವಾಗ ಯಾವ ಭಾಗ ಒಳಗೆ ಬರಬೇಕು, ಯಾವುದು ಬೇಡ ಎಂದು ಒಂದು ಪಟ್ಟಿ ಇರುತ್ತದೆ. ಶುರುವಿನಿಂದಲೇ ಧ್ವನಿ ಬರಲಿ ಎಂದು ನಿಮ್ಮವ್ವ ಆ ಪಟ್ಟಿಯ ಹಳೆಯ ಸಾಲುಗಳ ನಡುವೆ ಕೆಲವು ಹೊಸ ಸಾಲು ಸೇರಿಸಿ, ಪ್ಯಾಚ್ ಎನ್ನುವ ತಿದ್ದುಪಡಿ ಕಳಿಸಿದಳು. ಅಲ್ಲಿ ನೋಡುವವರು ಉತ್ತರ ಬರೆದರು: ಕೆಲಸ ಸರಿ ಇದೆ, ಆದರೆ ಸಾಲುಗಳ ತುದಿಯಲ್ಲಿ ಬೇಡದ ಖಾಲಿ ಜಾಗಗಳಿವೆ, ಸ್ವಚ್ಛ ಮಾಡಿ ಇವತ್ತೇ ಕಳಿಸಿ, ನಾಳೆಯಿಂದ ಈ ಆವೃತ್ತಿಗೆ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಅಂದು ಅವಳಿಗೆ ತಲೆ ಸಿಡಿಯುತ್ತಿತ್ತು. ನನಗೆ ಒತ್ತಬೇಕಾದ ಮೂರು ಗುಂಡಿ ತೋರಿಸಿಕೊಟ್ಟು, ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬಾಜೂಕೆ ಮಲಗಿದಳು.

"ಸಾಲಿನ ತುದಿಗೆ ಹೋಗು. ಅಕ್ಷರ ಮುಗಿದ ಮ್ಯಾಲೂ ಖಾಲಿ ಇದ್ರ ಅಳಸು. ಜ್ವಾಳ ಹಸನ ಮಾಡಿದಂಗ ತಿಳಿ. ಬ್ಯಾರೆ ಏನೂ ಮುಟ್ಟಬ್ಯಾಡ."

ತುದಿಯವನ್ನೆಲ್ಲ ತೆಗೆದೆ. ಆಮೇಲೆ ನೋಡಿದರೆ ಹಲವು ಸಾಲುಗಳ ಮೊದಲಿಗೂ ಒಂದೊಂದು ಖಾಲಿ ಜಾಗ. ತುದಿಯದು ಕಸವಾದರೆ ಇದೂ ಕಸವೇ ಅಲ್ಲವೇ? ಕೇಳಬೇಕೆಂದುಕೊಂಡೆ. ಅವಳಿಗೆ ಆಗಷ್ಟೇ ಜೊಂಪು ಹತ್ತಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ, ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಮಾಡಿ ಕೊಡುವ ಆಸೆಯೂ ಇತ್ತು. ಆ ಮೊದಲಿನವನ್ನೂ ಎಲ್ಲ ಅಳಿಸಿದೆ. ಅವಳು ಎದ್ದಾಗ ಕರೆಂಟ್ ಹೋಗುವ ಹೊತ್ತಾಗಿತ್ತು. ಪರೀಕ್ಷೆ ಮಾಡದೆ ಕಳಿಸಿಬಿಟ್ಟಳು.

ಮರುದಿನ ರೊಟ್ಟಿ ತಿನ್ನುವಾಗ ಉತ್ತರ ಬಂತು. ಅದನ್ನು ಓದಿಸಿ ಕೇಳುತ್ತ ಕೇಳುತ್ತ ಅವಳ ಕೈ ತಾಟಿನಲ್ಲಿಯೇ ನಿಂತಿತು.

"ಪ್ಯಾಚ್ ಹತ್ತಲಿಲ್ಲಂತ ಬೇ. ಸಾಲಿನ ಮೊದಲಿನ ಜಾಗಾ ಹೋಗ್ಯಾವಂತ. ಆ ಜಾಗಾ ಇದ್ರನ ಅದು ಹಳೇ ಸಾಲು, ಮುಟ್ಟಬಾರದು ಅಂತ ಯಂತ್ರಕ್ಕ ತಿಳಿಯೂದು." ಆಮೇಲೆ ಕೇಳಿದಳು: "ನೀ ತುದೀವಷ್ಟ ತಗದಿಯಲ್ಲ?"

"ಹೌದವಾ," ಎಂದೆ.

"ಹಂಗಾರ ನಾನ ಏನೋ ಒತ್ತೇನಿ. ಕುರುಡಿಗೆ ಯಾಕ ಬೇಕಿತ್ತು ಈ ಉಸಾಬರಿ."

ಕಂಪ್ಯೂಟರ್ ಟ್ರಂಕಿನ ಮೇಲೆ ಹೋಯಿತು. ಅದಕ್ಕೊಂದು ಅರಿವೆ ಮುಚ್ಚಿದಳು. ಗೋಡೆ ಹಿಡಿದು ಒಬ್ಬಳೇ ಹಿತ್ತಲಿಗೆ ಹೋಗುತ್ತಿದ್ದವಳು ನನ್ನ ಕೈಗಾಗಿ ಕಾಯತೊಡಗಿದಳು. ಬಿತ್ತಿದ ಜೋಳ ತೆನೆಯಾಗಿ ಕೊಯ್ಲಿಗೆ ಬರುವವರೆಗೂ ನಾನು ಸುಮ್ಮನಿದ್ದೆ. ಬರೆಯಲು ನಾಚಿಕೆಯಾಗುತ್ತದೆ: ಅವಳು ನನ್ನ ಕೈ ಹಿಡಿಯುವುದು ನನಗೆ ಹಿತವಾಗಿತ್ತು.

ಒಂದು ದಿನ ಅವಳ ಹಳೆಯ ಹೆಡ್‌ಮಾಸ್ತರರು ಸಂಶಿಯಿಂದ ಫೋನ್ ಮಾಡಿದರು. ಕಣ್ಣಿಲ್ಲದ ಒಬ್ಬ ಹುಡುಗಿಗೆ ಕಂಪ್ಯೂಟರ್ ಕಲಿಸಬೇಕಿತ್ತು.

"ಆಗೂದಿಲ್ರಿ ಸರ," ಎಂದಳು ನಿಮ್ಮವ್ವ. "ನನ್ನ ಕೈ ಮ್ಯಾಲೆ ನನಗ ನಂಬಿಗಿ ಇಲ್ರಿ."

ಅವಳು ಫೋನ್ ಕೆಳಗಿಟ್ಟ ಮೇಲೆ ಹೇಳಿದೆ. "ಸಾಲಿನ ಮೊದಲಿನ ಜಾಗಾನೂ ನಾನ ತಗದಿದ್ದೆ ಯವ್ವಾ. ನಿಂದೇನೂ ತಪ್ಪಿಲ್ಲ."



"ಅವತ್ತ ನಿನ್ನ ಕೇಳಿದ್ನಲ್ಲ ಬೇ," ಎಂದಳು. ಅಷ್ಟೇ.

ಟ್ರಂಕಿನವರೆಗೆ ತಾನೇ ನಡೆದು ಹೋಗಿ ಕಂಪ್ಯೂಟರ್ ಇಳಿಸಿಕೊಂಡಳು. ಹಳೆಯ ಪ್ರತಿ ತೆಗೆದು, ಒಂದೊಂದು ಅಕ್ಷರವನ್ನೂ, ಒಂದೊಂದು ಖಾಲಿ ಜಾಗವನ್ನೂ ಬಿಡಿಬಿಡಿಯಾಗಿ ಓದಿಸಿಕೊಂಡು ಎಂಟು ದಿನ ಕೂತು ಸ್ವಚ್ಛ ಮಾಡಿದಳು. ಮುಂದಿನ ಆವೃತ್ತಿಗೆ ಅದನ್ನು ತೆಗೆದುಕೊಂಡರು. ಈಗ ಗುಂಡಿ ಒತ್ತಿದೊಡನೆ ಯಂತ್ರ ಮಾತಾಡುತ್ತದೆ. ಆ ಹುಡುಗಿಯೂ ವಾರಕ್ಕೆರಡು ಸಲ ಬರುತ್ತಾಳೆ. ನನ್ನನ್ನು ಯಾರೂ ಕರೆಯುವುದಿಲ್ಲ.

ಅವ್ವನ ಪರದೆ ಯಾಕೆ ಯಾವಾಗಲೂ ಕಪ್ಪಗಿರುತ್ತದೆ ಎಂದು ನೀವು ನನ್ನನ್ನು ಕೇಳುತ್ತೀರಿ. ಬ್ಯಾಟರಿ ಉಳಿಯುತ್ತದೆ ಎಂದು ಅವಳು ಹೇಳುತ್ತಾಳೆ. ನಾನು ನಿಜ ಹೇಳಿದ ಆ ದಿನಕ್ಕೆ ಮೊದಲು ಅವಳು ಅದನ್ನು ಆರಿಸುತ್ತಿರಲಿಲ್ಲ. ನಾನು ಬಾಜೂಕೆ ಕುಳಿತು ಅದರಲ್ಲಿನ ಸಾಲುಗಳನ್ನು ನೋಡುತ್ತಿದ್ದೆ.