ನೆಲ ಡೊಂಕಿದ್ದ ಕಾರು

ನನ್ನ ಕಾರಿಗೆ ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರುವಂತಿಲ್ಲ, ಹೆಚ್ಚೆಂದರೆ ಒಂದು ತರಕಾರಿ ಚೀಲ ಕೂರಬಹುದು. ಗಲ್ಫಿನಿಂದ ವಾಪಸು ಬಂದ ಸೋದರಮಾವ, ಯಾರೆಷ್ಟು ಹೇಳಿದರೂ ಕೇಳದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕೆಂಪು ಸ್ಪೋರ್ಟ್ಸ್ ಕಾರು ಅದು. ನಮ್ಮದು ಅಳಿಯಕಟ್ಟಿನ ಮನೆತನ, ಮಾವನ ಸೊತ್ತು ತಂಗಿಯ ಮಕ್ಕಳಿಗೆ. ಗದ್ದೆಗಳೆಲ್ಲ ಎಂದೋ ಕೈಬಿಟ್ಟಿದ್ದವು, ಹಾಗಾಗಿ ನನ್ನ ಪಾಲಿಗೆ ಬಂದದ್ದು ಈ ಕಾರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಲೈಸೆನ್ಸ್ ಸಿಕ್ಕಿದ ವಾರವೇ ಮಾವ ಚಾವಿ ತಂದು ನನ್ನ ಕೈಯಲ್ಲಿಟ್ಟರು. ಉರ್ವದ ನಮ್ಮ ಬೀದಿಯಲ್ಲಿ ಆಗ ಸ್ಕೂಟರ್ ಓಡಿಸುವ ಹುಡುಗಿಯರೇ ಕಡಿಮೆ.

ನೋಡಲಿಕ್ಕೆ ಅದು ಚಿರತೆ, ಓಟದಲ್ಲಿ ಎಮ್ಮೆ. ಸಿಟಿ ಬಸ್ಸುಗಳು ಹಾರ್ನ್ ಹಾಕಿ ನನ್ನನ್ನು ದಾಟಿ ಹೋಗುತ್ತಿದ್ದವು. ನನಗೆ ಮೂಗಿನ ತುದಿಯಲ್ಲೇ ಕೋಪ, ಸ್ಟೀರಿಂಗಿಗೆ ಗುದ್ದಿ ಕಾರಿಗೆ ಬೈಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ಅಮ್ಮ ಕಿಟಕಿಯ ಹೊರಗೆ ನೋಡುತ್ತಾ, "ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಿದ್ದಳು. ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಎಂದೂ ಗ್ಯಾರೇಜಿನ ಮುಖ ನೋಡದ ಅಮ್ಮ, ಒಮ್ಮೆ ಕಾರಿನ ಕಾರ್ಪೆಟ್ ಬದಲಿಸುವಾಗ ಮಾತ್ರ ಬಂದು ಸ್ಟೂಲಿನ ಮೇಲೆ ಕೂತು, "ಹಳೆಯದನ್ನು ಕೀಳುವುದು ಬೇಡ, ಅದರ ಮೇಲೆಯೇ ಹಾಕಿ" ಎಂದು ಹಟ ಹಿಡಿದಿದ್ದಳು. ಅಮ್ಮನ ಜಿಪುಣತನ ಎಂದು ನಾನು ನಕ್ಕಿದ್ದೆ.

ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಈ ವರ್ಷ ಕಾರಿನ ಆರ್‌ಸಿ ಮುಗಿಯಲಿಕ್ಕೆ ಎರಡು ತಿಂಗಳಿರುವಾಗ, ಬೋಳಾರದ ತಮ್ಮ ಮನೆಯ ಜಗಲಿಯಲ್ಲಿ ಕೂತು ಮಾವ ತೀರ್ಪು ಕೊಟ್ಟರು. ಅವರಿಗೀಗ ಎಂಬತ್ತು.

"ನನ್ನನ್ನು ಕೂರಿಸಿಕೊಂಡು ಕದ್ರಿ ಗುಡ್ಡೆ ಹತ್ತಲಿ. ಹತ್ತಿದ್ರೆ ಇಟ್ಕೋ, ರಿನ್ಯೂವಲ್ ಮಾಡಿಸು. ಇಲ್ಲದಿದ್ರೆ ಗುಜರಿಗೆ ಕೊಡು ಮಾರಾಯ್ತಿ. ಸುಮ್ನೆ ಎಂತಕ್ಕೆ ಅದನ್ನು ಸಾಕುವುದು?"

ಆ ದಿನವೇ ಹೊರಟೆವು. ಏರಿನ ಅರ್ಧದಲ್ಲಿ ಕಾರು ಏದುಸಿರು ಬಿಟ್ಟು ನಿಂತಿತು. ಹಿಂದಿದ್ದ ರಿಕ್ಷಾದವರು ಇಳಿದು ಬಂದು, "ಅಕ್ಕ, ದೂಡ್ಬೇಕಾ?" ಎಂದು ಕೇಳಿದರು. ಅಮ್ಮನ ಜೊತೆ ಊರೆಲ್ಲ ಸುತ್ತಿದ ಕಾರನ್ನು ಗುಜರಿಗೆ ಹಾಕಲು ನನಗೆ ಮನಸ್ಸಿರಲಿಲ್ಲ.

ಉರ್ವ ಮಾರ್ಕೆಟ್ಟಿನ ಹಿಂದೆ ಒಬ್ಬ ಮೆಕ್ಯಾನಿಕ್‌ನ ಶೆಡ್ ಇದೆ. ಪವರ್ ಹೆಚ್ಚಿಸಲು ಏನೇನು ಬೇಕೆಂದು ಇಂಟರ್‌ನೆಟ್ಟಿನಲ್ಲಿ ಓದಿ ಎರಡು ಪುಟದ ಪಟ್ಟಿ ಒಯ್ದಿದ್ದೆ. ಅವರು ಅದನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, "ಇದೆಲ್ಲ ದುಡ್ಡಿದ್ದವರಿಗೆ ಅಕ್ಕ. ಮೊದಲು ಇದ್ದದ್ದನ್ನು ಸರಿ ಮಾಡುವ" ಎಂದರು. ಲೈಬ್ರರಿಯನ್ ಸಂಬಳ ನನ್ನದು, ಅವರಿಗೆ ಗೊತ್ತಿತ್ತು.

ಪ್ಲಗ್ ಬದಲಿಸಿದರು, ಟೈಮಿಂಗ್ ಸರಿ ಮಾಡಿದರು. ಗುಜರಿ ಅಂಗಡಿಯಲ್ಲಿ ಹುಡುಕಿ ಸ್ವಲ್ಪ ದೊಡ್ಡ ಕಾರ್ಬ್ಯುರೇಟರ್ ತಂದು, ಎರಡು ದಿನ ಪೆಟ್ರೋಲಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ಹೊಸದರಂತೆ ಮಾಡಿದರು. ಪರಿಚಯದ ವೆಲ್ಡರ್ ಒಬ್ಬರನ್ನು ಹಿಡಿದು ಅಗಲದ ಸೈಲೆನ್ಸರ್ ಪೈಪ್ ಮಾಡಿಸಿದರು. "ಇಂಜಿನ್ ಕಲ್ಲಿನ ಹಾಗೆ ಗಟ್ಟಿ ಉಂಟು" ಎಂದು ಪ್ರತಿ ಶನಿವಾರ ಧೈರ್ಯ ಹೇಳುತ್ತಿದ್ದರು.

ಕೊನೆಗೊಂದು ಶನಿವಾರ ನಾನೊಬ್ಬಳೇ ಕದ್ರಿಗೆ ಒಯ್ದು ನೋಡಿದೆ. ಹಿಂದಿಗಿಂತ ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಆರ್‌ಸಿಗೆ ಇನ್ನು ಒಂದು ವಾರವಷ್ಟೇ ಇತ್ತು. ಶೆಡ್ಡಿಗೆ ಬಂದವಳೇ, "ನಿಮಗೆ ಕೆಲಸ ಬರುವುದಿಲ್ಲ ಅಂತ ಮೊದಲೇ ಹೇಳ್ಬೇಕಿತ್ತು" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಬಾಯಿಗೆ ಟಾರ್ಚ್ ಹಿಡಿದರು.

"ಅಕ್ಕ, ಇಂಜಿನ್ ಸ್ಟಾರ್ಟ್ ಮಾಡ್ಬೇಡಿ. ಎಕ್ಸಲೇಟರ್ ಫುಲ್ ಒತ್ತಿ."

"ಒತ್ತಿದೆ."

"ಫುಲ್."

"ಫುಲ್ಲೇ ಒತ್ತಿದ್ದು."

"ಇಲ್ಲ ಮಾರಾಯ್ರೆ, ಇಲ್ಲಿ ಬಾಯಿ ಅರ್ಧವೇ ತೆರೆದದ್ದು."

"ಪೆಡಲ್ ನೆಲಕ್ಕೆ ತಾಗಿ ಉಂಟು. ಇನ್ನು ಎಲ್ಲಿಗೆ ಒತ್ತುವುದು, ನೆಲದ ಅಡಿಗಾ?"

ಅವರು ಬಾಗಿಲ ಬಳಿ ಮೊಣಕಾಲೂರಿ, ಪೆಡಲಿನ ಕೆಳಗೆ ಕೈ ಹಾಕಿ ಸವರಿದರು. ಮತ್ತೆ ಮೇಲಿನ ಕಾರ್ಪೆಟ್ ಎಬ್ಬಿಸಿದರು, ಅದರಡಿಯ ಹಳೇ ಕಾರ್ಪೆಟ್ಟನ್ನೂ ಎಬ್ಬಿಸಿದರು. ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಹಲಸಿನ ಮರದ ತುಂಡೊಂದು ನೆಲಕ್ಕೆ ಸ್ಕ್ರೂ ಹಾಕಿ ಕೂತಿತ್ತು. ಅದಕ್ಕೆ ಬಟ್ಟೆ ಸುತ್ತಿ ದಾರದಿಂದ ಹೊಲಿದಿದ್ದರು. ಬಟ್ಟೆ ಅಮ್ಮನ ನೀಲಿ ಅಂಚಿನ ವಾಯಿಲ್ ಸೀರೆಯದು. ಅದೇ ಸೀರೆ ಹರಿದು ನಮಗೆ ತಲೆದಿಂಬಿನ ಚೀಲ ಹೊಲಿದಿದ್ದಳು.

ತುಂಡನ್ನು ಬಿಚ್ಚಿಸಿಕೊಂಡು ನೇರ ಬೋಳಾರಕ್ಕೆ ಹೋಗಿ ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಇನ್ನೂ ಅಲ್ಲೇ ಇತ್ತಾ?"

"ಎಂತ ಮಾವ ಇದು? ಇಪ್ಪತ್ತಾರು ವರ್ಷ ನಾನು ಅರ್ಧ ಕಾರು ಓಡಿಸಿದ್ದಾ?"

"ನಿನ್ನ ಅಮ್ಮ ಒಪ್ಪಲೇ ಇಲ್ಲ. ಹುಡುಗಿಗೆ ಅಂಥ ಗಾಡಿ ಕೊಟ್ರೆ ನಾನು ಬಾವಿಗೆ ಹಾರ್ತೇನೆ ಅಂದ್ಲು. ಇದೊಂದು ಅಡ್ಡ ಇಡುವ, ಫುಲ್ ಒತ್ತಲಿಕ್ಕೆ ಆಗುವುದಿಲ್ಲ ಅಂತ ಹೇಳಿದೆ. ಆಮೇಲೆ ಅವಳೇ ಬಟ್ಟೆ ಹೊಲಿದು ಕೊಟ್ಲು, ಟಕ್ ಅಂತ ಶಬ್ದ ಆಗಿ ನಿನಗೆ ಗೊತ್ತಾಗ್ಬಾರ್ದು ಅಂತ. ಒಂದು ವರ್ಷದಲ್ಲಿ ನಾನೇ ತೆಗೆಸ್ತೇನೆ ಅಂದಿದ್ಲು."

ತೆಗೆಸಲಿಲ್ಲ. ನನ್ನ ಮದುವೆಯಾದರೂ ತೆಗೆಸಲಿಲ್ಲ, ಮಗ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮೊದಲು ಸಿಟ್ಟೇ ಬಂತು. ಆಮೇಲೆ ಒಂದು ಮಳೆಗಾಲ ನೆನಪಾಯಿತು. ಬಸ್ಸೊಂದನ್ನು ಹಿಂದೆ ಹಾಕುವ ಹಟದಲ್ಲಿ ಪೆಡಲನ್ನು ನೆಲಕ್ಕೇ ಒತ್ತಿ ಹಿಡಿದಿದ್ದಾಗ ಎದುರಿಗೆ ದನ ಬಂದು, ಅದರಿಂದ ಒಂದು ಗೇಣು ದೂರದಲ್ಲಿ ಕಾರು ನಿಂತಿತ್ತು. ಅರ್ಧ ವೇಗದಲ್ಲೇ ಉಳಿದದ್ದು ಒಂದು ಗೇಣು, ಪೂರ್ತಿ ವೇಗವಿದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಮಾವನಿಗೆ ಅದನ್ನು ಹೇಳಿದೆ.

"ಆ ತುಂಡು ಇಟ್ಟದ್ದಕ್ಕೇ ನಿನಗೆ ಚಾವಿ ಸಿಕ್ಕಿದ್ದು ಮಗಾ" ಎಂದರು ಮಾವ.

ಮರುದಿನ ಬೆಳಿಗ್ಗೆ ಮೊದಲು ಶೆಡ್ಡಿಗೆ ಹೋಗಿ ಮೆಕ್ಯಾನಿಕ್‌ನ ಕ್ಷಮೆ ಕೇಳಿದೆ. ಅವರು ನಕ್ಕು, "ಬೈಗಳು ಕೇಳಿ ಕೇಳಿಯೇ ಇಂಜಿನ್ ಗಟ್ಟಿಯಾದದ್ದು, ನಾನು ಯಾವ ಲೆಕ್ಕ?" ಎಂದರು. ಅಲ್ಲಿಂದ ಬೋಳಾರಕ್ಕೆ ಹೋಗಿ ಮಾವನನ್ನು ಕೂರಿಸಿಕೊಂಡು ಕದ್ರಿಗೆ ತಿರುಗಿಸಿದೆ. ಹೋದ ಸಲ ನಿಂತ ಜಾಗ ಬಂತು. ಕಾಲು ಒತ್ತಿದೆ. ಪೆಡಲ್ ಎಂದೂ ಹೋಗದಷ್ಟು ಕೆಳಗೆ ಹೋಯಿತು, ಕಾರು ಗುಡುಗಿ ಮೇಲಕ್ಕೆ ನುಗ್ಗಿತು. ಮಾವ ಎರಡೂ ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು, "ನಿಧಾನ ಮಾರಾಯ್ತಿ, ಗುಜರಿಗೆ ಕೊಡುವುದು ಬೇಡ, ಒಪ್ಪಿದೆ" ಎಂದರು.

ಹಲಸಿನ ತುಂಡು ನನ್ನ ಪರ್ಸಿನಲ್ಲಿತ್ತು. ಅಷ್ಟು ವರ್ಷ ನಾನು ಸರಿಯಾಗಿಯೇ ಹೇಳಿದ್ದೆ, ನೆಲ ಡೊಂಕೇ ಇತ್ತು. ಡೊಂಕು ಮಾಡಿದವಳು ಪಕ್ಕದಲ್ಲೇ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು.