ಅಂಗಿಯ ಕೊರಳಿನ ಕರಿ ಗುರುತು

1958ರಲ್ಲಿ ಹಳೇಬೀಡಿಗೆ ಹತ್ತಿರದ ಒಂದು ಊರಿನ ಡಿಸ್ಪೆನ್ಸರಿಗೆ ನಾನು ವೈದ್ಯಾಧಿಕಾರಿಯಾಗಿ ಹೋದೆ. ಓದು ಮುಗಿಸಿ ಎರಡು ವರ್ಷವಾಗಿತ್ತು. ಔಷಧಿ ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಬಸ್ಸಿನ ಮೇಲೆ ಬರಬೇಕು. ಬಸ್ಸು ತಡವಾದರೆ ಅದು ಎಲ್ಲೋ ಮಗುಚಿದೆ, ಸೀಸೆಗಳೆಲ್ಲ ಒಡೆದಿವೆ ಎಂದು ನಾನು ಖಚಿತ ಮಾಡಿಕೊಂಡು ಕೂತಿರುತ್ತಿದ್ದೆ. ಐವತ್ತರ ಹತ್ತಿರ ಬಂದಿರುವ ಈಗಲೂ ಆ ಸ್ವಭಾವ ಹೋಗಿಲ್ಲ. ಆಗಂತೂ ಚಿಂತಿಸುವುದೂ ಚಿಕಿತ್ಸೆಯ ಒಂದು ಭಾಗವೆಂದೇ ನಂಬಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಯ ಮಕ್ಕಳಲ್ಲಿ ತುರಿಕಜ್ಜಿ ಕಾಣಿಸಿಕೊಂಡಿತು. ವೈದ್ಯರು ಇದನ್ನು ಸ್ಕೇಬೀಸ್ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮವನ್ನು ಕೊರೆದು ಒಳಗೆ ಮನೆ ಮಾಡುತ್ತದೆ. ಒಟ್ಟಿಗೆ ಮಲಗುವವರಿಗೆ, ಒಬ್ಬರ ಬಟ್ಟೆ ಇನ್ನೊಬ್ಬರು ತೊಡುವವರಿಗೆ ಹರಡುತ್ತದೆ. ನಾಲ್ಕೈದು ಮಕ್ಕಳಿಗೆ ಗಂಧಕದ ಮುಲಾಮು ಕೊಟ್ಟು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ನನಗೆ ಕೆರೆಯ ಸೋಪಾನದ ಮೇಲೆ ಕಂಡದ್ದು ಬಟ್ಟೆಯ ರಾಶಿ. ಊರಿನ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದವಳು ಸಾಕಮ್ಮ. ಕಜ್ಜಿಯ ಮನೆಯ ಬಟ್ಟೆ ಬೇರೆ ಮನೆಗೆ ಹೋದರೆ ಏನು ಗತಿ ಎಂದು ಅವಳನ್ನು ಕರೆಸಿದೆ.

"ಪ್ರತಿ ಮನೆಯ ಬಟ್ಟೆಗೂ ಗುರುತು ಹಾಕಬೇಕು, ಸಾಕಮ್ಮ."

"ಯಾಕೆ ಬುದ್ಧಿ? ನೋಡಿದ್ರೆ ಗೊತ್ತಾಯ್ತದೆ ಯಾರ ಮನೇದು ಅಂತ. ಹದಿನೈದು ವರ್ಸದಿಂದ ಒಗೀತಿದೀನಿ."

"ನಿನಗೆ ಗೊತ್ತಾಗುತ್ತೆ, ಸರಿ. ನಾಳೆ ನೀನು ಮಲಗಿದರೆ? ಅಳಿಸದಂಥ ಗುರುತೇ ಬೇಕು."

ಅವಳು "ಆಗ್ಲಿ ಬುದ್ಧಿ," ಎಂದು ಹೋದಳು. ಮುಂದಿನ ವಾರ ನನ್ನ ಅಂಗಿಗಳ ಕೊರಳಿನ ಒಳಗೆ ಒಂದು ಸಣ್ಣ ಕರಿ ಕತ್ತರಿ ಗುರುತು ಬಂತು. ಶಾಲೆಯ ಹೆಡ್ಮಾಸ್ತರರ ಮನೆಗೆ ಎರಡು ಗೆರೆ, ದೇವಸ್ಥಾನದ ಅರ್ಚಕರ ಮನೆಗೆ ಮೂರು ಚುಕ್ಕೆ. ಆಡಳಿತ ಎಂದರೆ ಹೀಗಿರಬೇಕು ಎಂದು ನನಗೆ ನಾನೇ ಹೆಮ್ಮೆಪಟ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅರ್ಚಕರ ಮನೆಯ ಸೀತಮ್ಮನವರು ಏಳು ವರ್ಷದ ಮೊಮ್ಮಗಳು ವನಜಳನ್ನು ಕರೆತಂದರು. ಕತ್ತಿನ ಹಿಂದೆ, ಸೊಂಟದ ಒಂದು ಬದಿಯಲ್ಲಿ ಕೆಂಪಗೆ ದದ್ದೆದ್ದು ಸಣ್ಣ ನೀರು ಗುಳ್ಳೆಗಳಾಗಿದ್ದವು. ಮಗು ಉಗುರಿನಿಂದ ಕೆರೆದು ಕೆರೆದು ರಕ್ತ ಬರಿಸಿಕೊಂಡಿತ್ತು. ತುರಿಕಜ್ಜಿ ಸಾಮಾನ್ಯವಾಗಿ ಬೆರಳ ಸಂದು, ಮಣಿಕಟ್ಟುಗಳಲ್ಲಿ ಏಳುತ್ತದೆ. ಇವಳ ಬೆರಳುಗಳು ಶುದ್ಧವಾಗಿದ್ದವು. ಅದನ್ನು ಕಂಡೆ, ಕಂಡೂ ದಾಟಿಕೊಂಡು ಹೋದೆ. ಊರಲ್ಲಿ ಕಜ್ಜಿ ಇದೆ, ಇದೂ ಕಜ್ಜಿಯೇ. ಗಂಧಕದ ಮುಲಾಮು ಕೊಟ್ಟೆ. ದಿನವೂ ಒಗೆಸಿದ ಬಟ್ಟೆಯನ್ನೇ ತೊಡಿಸಿ, ಹಾಸಿಗೆಗೂ ಒಗೆಸಿದ ಪಂಚೆಯನ್ನೇ ಹಾಸಿ ಎಂದೆ. ವಾಸಿಯಾಗುವ ತನಕ ಶಾಲೆಗೆ ಸೇರಿಸಬಾರದು ಎಂದು ಹೆಡ್ಮಾಸ್ತರರಿಗೆ ಚೀಟಿಯನ್ನೂ ಬರೆದೆ.

ಒಂದು ವಾರಕ್ಕೆ ದದ್ದು ಇಮ್ಮಡಿಯಾಯಿತು. ಈ ಸಲ ಸೀತಮ್ಮನವರು ಕೂರಲಿಲ್ಲ.

"ಇವರಪ್ಪ ಬೇಲೂರಲ್ಲಿ ಗುಮಾಸ್ತ. ಶನಿವಾರ ಬಂದಿದ್ದ. ಹುಡುಗಿ ಮನೇಲೇ ಇರೋದಾದ್ರೆ ಇರಲಿ, ಬರೋ ಸೋಮವಾರ ಹೆಸರು ತೆಗೆಸಿಬಿಡ್ತೀನಿ ಅಂದ. ಇವಳು ಊಟ ಬಿಟ್ಟು ಕೂತಿದಾಳೆ ಡಾಕ್ಟ್ರೇ. ತುರಿಕೆಗಲ್ಲ, ಸ್ಲೇಟಿಗೆ."

ವನಜ ನನ್ನ ಕಡೆ ನೋಡಲೇ ಇಲ್ಲ. ಆ ಚೀಟಿ ಬರೆದವನು ನಾನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ನಾನು ನೋಟ್ ಪುಸ್ತಕದಲ್ಲಿ ಒಂದು ಮಗುವಿನ ಆಕೃತಿ ಬರೆದು, ದದ್ದಿದ್ದ ಜಾಗಗಳಿಗೆ ಪೆನ್ಸಿಲ್ ತುಂಬಿದೆ. ಹುಳುವಿಗೆ ಇಡೀ ಮೈ ಇರುವಾಗ ಈ ಎರಡೇ ಜಾಗ ಯಾಕೆ ಬೇಕಾಯಿತು? ಚಿತ್ರ ನೋಡಿದಷ್ಟೂ ಭಯ ಕಡಿಮೆಯಾಗಿ ಕುತೂಹಲ ಹೆಚ್ಚಿತು. ನನ್ನ ಮಟ್ಟಿಗೆ ಅದು ಅಪರೂಪ. ಇನ್ನೊಂದು ಗುಟ್ಟನ್ನೂ ಹೇಳಿಬಿಡಬೇಕು. ಹದಿನೈದು ದಿನದಿಂದ ನನ್ನ ಕತ್ತಿನ ಹಿಂದೆಯೂ ತುರಿಕೆಯಿತ್ತು. ರೋಗಿಗಳಿಂದ ಕಜ್ಜಿ ಅಂಟಿಸಿಕೊಂಡ ಡಾಕ್ಟರೆಂದು ಊರಿಗೆ ತಿಳಿದರೆ ಏನಾದೀತು ಎಂದು, ಬಾಗಿಲು ಹಾಕಿಕೊಂಡು ಗಂಧಕ ಹಚ್ಚಿಕೊಳ್ಳುತ್ತಿದ್ದೆ. ಅದರ ವಾಸನೆ ಯಾರಿಗೂ ತಿಳಿಯುತ್ತಿಲ್ಲ ಎಂದು ನಂಬಿದ್ದೆ.

ಶುಕ್ರವಾರ ಅರ್ಚಕರ ಮನೆಗೇ ಹೋದೆ.

"ಮಗು ಯಾರ ಜೊತೆ ಮಲಗುತ್ತೆ?"

"ನನ್ನ ಜೊತೆ. ನನ್ನ ಸೆರಗು ಹಿಡಿದೇ ನಿದ್ದೆ ಮಾಡೋದು."

"ನಿಮಗೆ ತುರಿಕೆ ಇಲ್ವೇ?"

"ನನಗ್ಯಾಕೆ ಬರುತ್ತೆ? ನನ್ನದು ಮಡಿ. ನನ್ನ ಸೀರೆ ನಾನೇ ಒಗೆದು, ನಾನೇ ಗಳುವಿಗೆ ಹಾಕ್ಕೊಳ್ಳೋದು. ಅಗಸರ ಕೈಗೆ ಕೊಟ್ಟೋಳೇ ಅಲ್ಲ."

ಸೀತಮ್ಮನವರು ಇದನ್ನು ಹೆಮ್ಮೆಯಿಂದ ಹೇಳಿದರು. ನನಗೆ ಕೇಳಿಸಿದ್ದು ಬೇರೆ. ಪಕ್ಕದಲ್ಲೇ ಮಲಗುವವರಿಗೆ ಕಜ್ಜಿ ಅಂಟಿಲ್ಲ. ಹಾಗಾದರೆ ಇದು ಅಂಟುವುದೇ ಅಲ್ಲ. ಮಗುವಿಗೂ ಅಜ್ಜಿಗೂ ಇರುವ ವ್ಯತ್ಯಾಸ ಒಂದೇ, ಸಾಕಮ್ಮ ಒಗೆದ ಬಟ್ಟೆ.

ವನಜಳನ್ನು ತಿರುಗಿ ನಿಲ್ಲಲು ಹೇಳಿ ರವಿಕೆಯ ಕೊರಳನ್ನು ಮಗುಚಿದೆ. ಮೂರು ಕರಿ ಚುಕ್ಕೆಗಳು ದದ್ದಿನ ಮೇಲೆ ಸರಿಯಾಗಿ ಕೂತಿದ್ದವು. ಲಂಗದ ಪಟ್ಟಿಯ ಒಳಗೂ ಮೂರು; ಅದೇ ಸೊಂಟದ ಬದಿ. ನನ್ನ ಕೈ ತಾನಾಗಿ ನನ್ನ ಕತ್ತಿಗೆ ಹೋಯಿತು.

"ಏನ್ ಡಾಕ್ಟ್ರೇ, ನಿಮಗೂ ಇದ್ಯಾ?" ಎಂದರು ಸೀತಮ್ಮನವರು. "ಅದಕ್ಕೇ ಹದಿನೈದು ದಿನದಿಂದ ಗಂಧಕ ನಾರ್ತಿದೀರಿ."

ಸಾಕಮ್ಮನನ್ನು ಕರೆಸಿದೆವು. ಯಾವುದರಿಂದ ಗುರುತು ಹಾಕಿದೆ ಎಂದು ಕೇಳಿದರೆ, ಗೇರುಕಾಯಿ ಎಂದಳು. ಇದು ತಿನ್ನುವ ಗೋಡಂಬಿಯಲ್ಲ. ಕಾಡಿನಲ್ಲಿ ಸಿಗುವ ಕರಿ ಕಾಯಿ. ಚುಚ್ಚಿದರೆ ಬರುವ ರಸ ಬಟ್ಟೆಯ ಮೇಲೆ ಕಪ್ಪಾಗಿ ನಿಲ್ಲುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಕೆಲವರ ಚರ್ಮಕ್ಕೆ ಅದು ತಗುಲಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಪಠ್ಯಪುಸ್ತಕದಲ್ಲಿ ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

"ಅದನ್ನ ಯಾಕೆ ಹಾಕಿದೆ?" ಎಂದೆ.

"ಅಳಿಸದೇ ಇರೋ ಗುರ್ತು ಅಂದ್ರಿ. ಅಳಿಸದೇ ಇರೋದು ಅದೊಂದೇ ಬುದ್ಧಿ. ನಮ್ ಕೈಗೂ ಒಂದೊಂದ್ ಸಲ ಆಯ್ತದೆ, ಕೊಬ್ಬರಿ ಎಣ್ಣೆ ಹಚ್ಕೊಂಡು ಸುಮ್ಕಿರ್ತೀವಿ. ನೀವು ಓದಿದೋರು, ಗೊತ್ತಿರ್ತದೆ ಅನ್ಕಂಡೆ."

ಅಂಟದ ರೋಗವೊಂದನ್ನು ಊರಿಗೆ ತಂದು, ಅದಕ್ಕೆ ಉರಿಸುವ ಮುಲಾಮು ಕೊಟ್ಟು, ಮೇಲೆ ದಿನಕ್ಕೊಂದು ಗುರುತಿನ ಬಟ್ಟೆ ತೊಡಿಸಿ ಎಂದು ಹೇಳಿದವನು ನಾನು.

ಮುಲಾಮು ನಿಲ್ಲಿಸಿದೆ. ಗುರುತಿದ್ದ ತುಂಡುಗಳನ್ನು ಸೀತಮ್ಮನವರು ಕತ್ತರಿಸಿ ತೆಗೆದರು. ಮಗುವಿನ ಉಗುರು ಕತ್ತರಿಸಿ, ತಣ್ಣೀರಿನಲ್ಲಿ ಹಿಂಡಿದ ಹಳೆಯ ಮೆತ್ತನೆ ಬಟ್ಟೆಯನ್ನು ದಿನಕ್ಕೆ ನಾಲ್ಕು ಸಲ ದದ್ದಿನ ಮೇಲೆ ಹಾಕಲು ಹೇಳಿದೆ. ಆ ಬಟ್ಟೆ ಸೀತಮ್ಮನವರ ಮಡಿ ಸೀರೆಯ ಅಂಚಿನದು. ಮನೆಯಲ್ಲಿ ಗುರುತಿಲ್ಲದ ಬಟ್ಟೆ ಅದೊಂದೇ. ಒಣಗಿದ ಮೇಲೆ ಕ್ಯಾಲಮೈನ್ ಲೋಷನ್. ಭಾನುವಾರ ಗುಳ್ಳೆಗಳು ಬಾಡಿದ್ದವು. ಮಗು ರಾತ್ರಿ ಎಚ್ಚರವಾಗದೆ ಮಲಗಿತ್ತು. ಕೆಂಪು ಪೂರ್ತಿ ಹೋಗಲು ಇನ್ನೂ ಹತ್ತು ದಿನ ಬೇಕಿತ್ತು. ಹೆಸರು ತೆಗೆಸುವ ಸೋಮವಾರಕ್ಕೆ ಉಳಿದದ್ದು ಒಂದೇ ರಾತ್ರಿ.

ಸೋಮವಾರ ಬೆಳಿಗ್ಗೆ, ಅವಳ ತಂದೆ ಹೆಸರು ತೆಗೆಸಲು ಶಾಲೆಗೆ ಹೊರಡುವ ಮೊದಲೇ ಅವರ ಜಗಲಿಯಲ್ಲಿ ಕೂತು ಎರಡನೇ ಚೀಟಿ ಬರೆದೆ. 'ಇದು ಅಂಟುವ ರೋಗವಲ್ಲ, ಶಾಲೆಗೆ ಸೇರಿಸಿಕೊಳ್ಳಬಹುದು.' ಮೊದಲನೆಯದು ಯಾಕೆ ಬರೆದೆ ಎಂಬುದನ್ನು ನಯವಾಗಿ ಬಿಟ್ಟಿದ್ದೆ. ವನಜ ಪಕ್ಕದಲ್ಲಿ ನಿಂತು ಅಕ್ಷರ ಕೂಡಿಸಿ ಓದಿದಳು.

"ತಪ್ಪು ನಂದಲ್ಲ ಅಂತ ಬರೀರಿ."

"ಬರೆದಿದೀನಲ್ಲ, ಅಂಟೋದಿಲ್ಲ ಅಂತ."

"ಅದಲ್ಲ. ಎಲ್ಲಾರೂ ನನ್ನ ಪಕ್ಕ ಕೂರಲ್ಲ ಅಂದ್ರು. ತಪ್ಪು ಯಾರದು ಅಂತ ಬರೀರಿ."

ಸರ್ಕಾರಿ ಕಾಗದದ ಮೇಲೆ ಅಂಥ ವಾಕ್ಯ ಬರೆದರೆ ಮೇಲಧಿಕಾರಿಗಳವರೆಗೆ ಹೋದೀತು, ವರ್ಗವಾದೀತು ಎಂದೆಲ್ಲ ಮನಸ್ಸು ಓಡಿತು. ಆಮೇಲೆ ಬರೆದೆ: 'ಹಿಂದಿನ ಚೀಟಿ ನನ್ನ ತಪ್ಪು.' ಅವಳ ತಂದೆ ಅದನ್ನು ಎರಡು ಸಲ ಓದಿ, ಮಗಳ ಕೈಗೇ ಕೊಟ್ಟರು. ಅವಳು ಅದನ್ನು ಸ್ಲೇಟಿನ ಮೇಲೆ ಇಟ್ಟುಕೊಂಡು, ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೋದಳು. ಹೆಡ್ಮಾಸ್ತರರು ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಸಾಕಮ್ಮ ಗುರುತು ಬಿಡಲಿಲ್ಲ, ದಾರದಲ್ಲಿ ಹೊಲಿಯತೊಡಗಿದಳು. ನನ್ನ ಅಂಗಿಯ ಕೊರಳಿಗೆ ಕೆಂಪು ದಾರ ಬಂತು. ಬಣ್ಣ ಬಿಟ್ಟೀತೇನೋ ಎಂದು ಒಂದು ವಾರ ಯೋಚಿಸಿದೆ, ಕೇಳಲು ಮುಖವಿರಲಿಲ್ಲ. ಮುಂದೆ ಇಪ್ಪತ್ತು ವರ್ಷ, ಮೈ ಕೆರೆದುಕೊಂಡು ಬಂದ ಪ್ರತಿ ಮಗುವಿನ ಮನೆಯವರನ್ನೂ ಮೊದಲು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: ಮನೆಯಲ್ಲಿ ಈಚೆಗೆ ಹೊಸದಾಗಿ ಏನು ಬದಲಾಯಿತು? ಎರಡನೇ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವುದಿಲ್ಲ, ಹಳೆಯ ಚೀಟಿಗಳನ್ನು ತೆಗೆದು ನೋಡಿಕೊಳ್ಳುತ್ತೇನೆ: ಬದಲಾಯಿಸಿ ಎಂದು ಹೇಳಿದವನು ನಾನೇ ಅಲ್ಲ ತಾನೇ?